ಮೌನವಾಗಿದ್ದ ತಂತಿಗಳನ್ನು ಮೀಟಿದ ವಾಂಡಾ ಲಾಂಡೋವ್ಸ್ಕಾ

ಪ್ರಾಚೀನ ಸಂಗೀತವನ್ನು ಅದು ಹುಟ್ಟಿದ ವಾದ್ಯದಲ್ಲಿಯೇ ಆಲಿಸುವ ಭಾಗ್ಯ ಇಂದು ನಮಗೆ ದೊರೆತಿರುವುದರ ಹಿಂದೆ ಒಬ್ಬ ಮಹಿಳೆಯ ಜೀವಮಾನದ ಸಾಧನೆಯಿದೆ. ಅವರೇ ವಾಂಡಾ ಲಾಂಡೋವ್ಸ್ಕಾ.

1879ರ ಜುಲೈ 5ರಂದು ವಾರ್ಸಾ ನಗರದ ಯೆಹೂದ್ಯ ಮೂಲದ ಮನೆತನವೊಂದರಲ್ಲಿ ಜನಿಸಿದ ಇವರು ಎಳೆವಯಸ್ಸಿನಲ್ಲಿಯೇ ಪಿಯಾನೊ ಅಭ್ಯಾಸಕ್ಕೆ ತೊಡಗಿದರು. ವಾರ್ಸಾ ಮತ್ತು ಬರ್ಲಿನ್‌ಗಳಲ್ಲಿ ವ್ಯಾಸಂಗ ಮಾಡಿ, 1900ರಲ್ಲಿ ಪ್ಯಾರಿಸ್ಸಿಗೆ ಬಂದು ಜಾನಪದ ವಿದ್ವಾಂಸ ಹೆನ್ರಿ ಲೆವ್ ಅವರನ್ನು ವರಿಸಿದರು. ಪತ್ನಿಯ ಸಂಶೋಧನೆಗೆ ಪತಿಯೇ ಒತ್ತಾಸೆಯಾಗಿ ನಿಂತರು.

ಬಾಖ್ ಮಹಾಶಯನ ಕೃತಿಗಳನ್ನು ಆಗ ಪಿಯಾನೊದಲ್ಲಿ ನುಡಿಸುವುದೇ ವಾಡಿಕೆ. ಆದರೆ ಅವನ ಕಾಲದ ಪ್ರಮುಖ ವಾದ್ಯಗಳಲ್ಲೊಂದು ಹಾರ್ಪ್ಸಿಕಾರ್ಡ್. ಪಿಯಾನೊದಲ್ಲಿ ಪುಟ್ಟ ಸುತ್ತಿಗೆಗಳು ತಂತಿಯನ್ನು ಬಡಿಯುತ್ತವೆ. ಹಾರ್ಪ್ಸಿಕಾರ್ಡಿನಲ್ಲಾದರೋ ಗರಿಯ ಅಥವಾ ತೊಗಲಿನ ಮೊನೆಯು, ವೀಣೆಯನ್ನು ಬೆರಳು ಮೀಟುವಂತೆ, ತಂತಿಯನ್ನು ಮೀಟುತ್ತದೆ. ಹದಿನೆಂಟನೆಯ ಶತಮಾನದ ಕೊನೆಯ ವೇಳೆಗೆ ಮೂಲೆಗುಂಪಾಗತೊಡಗಿದ್ದ ಈ ವಾದ್ಯವನ್ನು ವಾಂಡಾ ಮತ್ತೆ ವೇದಿಕೆಗೆ ತಂದರು. ಅವರಿಗಾಗಿ ಪ್ಲೇಯೆಲ್ ಸಂಸ್ಥೆ ನಿರ್ಮಿಸಿದ ಭವ್ಯ ಹಾರ್ಪ್ಸಿಕಾರ್ಡ್ 1912ರಲ್ಲಿ ಬ್ರೆಸ್ಲಾವಿನ ಬಾಖ್ ಉತ್ಸವದಲ್ಲಿ ಮೊಳಗಿತು. ಅದು ಹಳೆಯ ವಾದ್ಯಗಳಿಗಿಂತ ಬಹಳ ಭಾರವಾದುದೆಂದು ಮುಂದಿನವರು ಆಕ್ಷೇಪಿಸಿದ್ದುಂಟು. ಆದರೆ ಹಾಗೆ ಆಕ್ಷೇಪಿಸಿದವರಿಗೂ ದಾರಿ ತೆರೆದವರು ಇವರೇ ಎಂಬುದನ್ನು ನಾವು ಮರೆಯಲಾಗದು.

1913ರಲ್ಲಿ ಬರ್ಲಿನ್ನಿನ ಸಂಗೀತ ವಿದ್ಯಾಲಯದಲ್ಲಿ ಬೋಧಕರಾದರು. 1919ರಲ್ಲಿ ಪತಿ ಮೋಟಾರು ಅಪಘಾತದಲ್ಲಿ ತೀರಿಕೊಂಡರು. ದುಃಖ ನುಂಗಿಕೊಂಡ ವಾಂಡಾ, 1925ರಲ್ಲಿ ಪ್ಯಾರಿಸ್ ಸಮೀಪದ ಸೇಂಟ್-ಲ್ಯೂ-ಲಾ-ಫೊರೆ ಗ್ರಾಮದಲ್ಲಿ ಪ್ರಾಚೀನ ಸಂಗೀತ ಶಾಲೆಯನ್ನು ತೆರೆದರು. ಅನೇಕ ದೇಶಗಳ ಶಿಷ್ಯರು ಅಲ್ಲಿಗೆ ಬಂದರು. ಅಮೆರಿಕದ ರಾಲ್ಫ್ ಕರ್ಕ್‌ಪ್ಯಾಟ್ರಿಕ್ ಇವರಲ್ಲಿ ಕಲಿತ ಖ್ಯಾತನಾಮರಲ್ಲೊಬ್ಬರು. 1933ರಲ್ಲಿ ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ಕೃತಿಯನ್ನು ಇವರು ಹಾರ್ಪ್ಸಿಕಾರ್ಡಿನಲ್ಲಿ ಸಂಪೂರ್ಣವಾಗಿ ನುಡಿಸಿದರು.

1940ರಲ್ಲಿ ನಾಜಿ ಸೈನ್ಯ ಬರಲಾಗಿ ವಾಂಡಾ ಎಲ್ಲವನ್ನೂ ತೊರೆದು ದಕ್ಷಿಣಕ್ಕೆ ಓಡಬೇಕಾಯಿತು. ಅವರು ಕೂಡಿಟ್ಟ ಗ್ರಂಥಗಳೂ ವಾದ್ಯಗಳೂ ಸೂರೆಯಾದವು. 1941ರ ಡಿಸೆಂಬರ್ 7ರಂದು, ಪರ್ಲ್ ಹಾರ್ಬರ್ ಮೇಲೆ ದಾಳಿ ನಡೆದ ದಿನವೇ, ಅವರು ನ್ಯೂಯಾರ್ಕ್ ತಲುಪಿದರು. ಆಗ ವಯಸ್ಸು ಅರವತ್ತೆರಡು. ಎದೆಗುಂದದೆ ಮರುವರ್ಷದ ಫೆಬ್ರವರಿಯಲ್ಲಿಯೇ ಅಲ್ಲಿನ ಟೌನ್ ಹಾಲಿನಲ್ಲಿ ಗೋಲ್ಡ್‌ಬರ್ಗ್ ಕೃತಿಯನ್ನು ನುಡಿಸಿದರು. 1949ರಿಂದ 1954ರವರೆಗೆ ಬಾಖ್‌ನ ನಲವತ್ತೆಂಟು ಪ್ರಿಲ್ಯೂಡ್ ಮತ್ತು ಫ್ಯೂಗ್‌ಗಳನ್ನು ಧ್ವನಿಮುದ್ರಿಸಿದರು. 1959ರ ಆಗಸ್ಟ್ 16ರಂದು ಕನೆಕ್ಟಿಕಟ್‌ನ ಲೇಕ್‌ವಿಲ್‌ನಲ್ಲಿ ನಿಧನರಾದರು.

ಕೂಡಿಟ್ಟದ್ದನ್ನು ಸೂರೆಗಾರರು ಕಸಿದರು. ಶಿಷ್ಯರಿಗೆ ಕಲಿಸಿದ್ದನ್ನು ಕಸಿಯಲಾಗಲಿಲ್ಲ. ಹಿರಿಯರಿಂದ ಬಂದ ಸಂಗೀತವನ್ನು ಕಿರಿಯರಿಗೆ ಒಪ್ಪಿಸುವ ಹೊಣೆ ಹೊತ್ತ ನಮಗೆಲ್ಲ ಈ ಬಾಳು ಮಾದರಿಯಾಗಲಿ.