ಫೋರ್ಕಿನ ಗೀರು ಮತ್ತು ಆಲ್ಫ್ರೆಡ್ ಸ್ಕಾಟ್

ಅಂಕೋಲಾದಿಂದ ವಿಭೂತಿ ಜಲಪಾತದ ಕಡೆ ಹೋಗ್ತಾ ಮಾವನ ಬೈಕ್ ಬೀಳಿಸಿದೆ. ನನಗೇನೂ ಆಗಲಿಲ್ಲ. ಆದರೆ ಮುಂದಿನ ಫೋರ್ಕ್ ರಾಡ್‌ಗೆ ಕಲ್ಲು ತಾಗಿ ಒಂದು ಗೀರು ಬಿತ್ತು. ಕೂದಲೆಳೆಯಷ್ಟು ಗೀರು, ಇದಕ್ಕೇನು ಅಂತ ಮಾವನಿಗೆ ಹೇಳದೆ ಬಿಟ್ಟೆ. ವಾರದೊಳಗೆ ಫೋರ್ಕಿನಿಂದ ಆಯಿಲ್ ಇಳಿದು ಬ್ರೇಕ್ ಡಿಸ್ಕ್ ಹತ್ತಿರ ಬಂದಿತ್ತು. ಆಗ ಹೇಳಲೇಬೇಕಾಯ್ತು.

ಕಾರವಾರದ ಗ್ಯಾರೇಜಿನ ಅಣ್ಣ ಗೀರಿನ ಮೇಲೆ ಉಗುರು ಎಳೆದು ನೋಡಿದ. ಉಗುರು ಸಿಕ್ಕಿಕೊಂಡಿತು. ರಾಡ್ ಮೇಲೆ ಕೆಳಗೆ ಆಡಿದಾಗಲೆಲ್ಲ ಆ ಗೀರಿನ ಅಂಚು ರಬ್ಬರ್ ಸೀಲನ್ನು ಕೊಯ್ಯುತ್ತಾ ಇತ್ತು. ಆತ ರಿಪೇರಿ ಶುರು ಮಾಡುವಾಗ ನನಗೆ ಒಂದು ಪ್ರಶ್ನೆ ಬಂತು. ಕೊಳವೆಯೊಳಗೆ ಕೊಳವೆ ಜಾರುವ ಈ ಫೋರ್ಕನ್ನು ಬೈಕಿಗೆ ಮೊದಲು ಹಾಕಿದ್ದು ಯಾರು? ಹುಡುಕಿದಾಗ ಸಿಕ್ಕ ಹೆಸರು ಆಲ್ಫ್ರೆಡ್ ಆಂಗಸ್ ಸ್ಕಾಟ್. ಹಳೇ ಬೈಕಿನ ಹುಚ್ಚಿರುವವರಿಗೆಲ್ಲ ಗೊತ್ತಿರುವ ಹೆಸರು. ಎರಡು ವರ್ಷ ಮೆಕ್ಯಾನಿಕಲ್ ಓದಿದ ನನಗೆ ಗೊತ್ತಿರಲಿಲ್ಲ, ನಾಚಿಕೆಯಾಯ್ತು.

ಸ್ಕಾಟ್ ಹುಟ್ಟಿದ್ದು 1875ರಲ್ಲಿ, ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ. ಅದು ಉಣ್ಣೆ ಗಿರಣಿಗಳ ಊರು. ಮೊದಲ ಪೇಟೆಂಟ್ ತಗೊಂಡಾಗ ವಯಸ್ಸು ಇಪ್ಪತ್ತೆರಡು ಕೂಡ ದಾಟಿರಲಿಲ್ಲ. 1897ರ ಆ ಪೇಟೆಂಟ್ ಬ್ರೇಕಿನದು, ಇವತ್ತಿನ ಕ್ಯಾಲಿಪರ್ ಬ್ರೇಕಿನ ಪೂರ್ವಜ ಅನ್ನಬಹುದು. ಮುಂದೆ ಐವತ್ತಕ್ಕೂ ಹೆಚ್ಚು ಪೇಟೆಂಟ್ ಮಾಡಿಸಿದ. ಎರಡು ಸಿಲಿಂಡರಿನ ಟೂ-ಸ್ಟ್ರೋಕ್ ಎಂಜಿನ್ ಕಟ್ಟಿ ಮೊದಲು ಸೈಕಲ್ಲಿಗೆ ಕೂರಿಸಿ ನೋಡಿದ, ದೋಣಿಗೂ ಹಾಕಿದ. 1904ರಲ್ಲಿ ಆ ಎಂಜಿನ್ನಿಗೂ ಪೇಟೆಂಟ್ ಸಿಕ್ಕಿತು.

1908ರಲ್ಲಿ ಸ್ಕಾಟ್ ಬೈಕ್ ಮಾರುಕಟ್ಟೆಗೆ ಬಂತು. ಸ್ವಂತ ಕಾರ್ಖಾನೆ ಇನ್ನೂ ಇರಲಿಲ್ಲ, ಮೊದಲ ಕೆಲವನ್ನು ಅದೇ ಊರಿನ ಜೊವೆಟ್ ಅಣ್ಣ-ತಮ್ಮಂದಿರ ವರ್ಕ್‌ಶಾಪ್‌ನಲ್ಲಿ ಮಾಡಿಸಿದ. 333 ಸಿಸಿ, ನೀರಿನಿಂದ ತಣಿಯುವ ಎಂಜಿನ್, ಎರಡು ಗೇರ್, ಕಾಲಲ್ಲಿ ಒದ್ದು ಸ್ಟಾರ್ಟ್ ಮಾಡುವ ಕಿಕ್ಕರ್, ಮುಂದೆ ಟೆಲಿಸ್ಕೋಪಿಕ್ ಫೋರ್ಕ್. ಉಳಿದವರ ಬೈಕ್‌ಗಳನ್ನು ಇನ್ನೂ ಪೆಡಲ್ ತುಳಿದೋ ತಳ್ಳಿಯೋ ಸ್ಟಾರ್ಟ್ ಮಾಡುತ್ತಿದ್ದ ಕಾಲ ಅದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಯೆಜ್ಡಿ ಬರ್ತಿತ್ತಲ್ವಾ, ಟೂ-ಸ್ಟ್ರೋಕ್, ಕಿಕ್ಕರ್, ಟೆಲಿಸ್ಕೋಪಿಕ್ ಫೋರ್ಕ್? ಆ ಮೂರೂ ಅದಕ್ಕೆ ಅರ್ಧ ಶತಮಾನ ಮೊದಲೇ ಒಂದೇ ಗಾಡಿಯಲ್ಲಿ ಇದ್ದವು.

ಆ ವರ್ಷ ಬೆಟ್ಟ ಹತ್ತುವ ಸ್ಪರ್ಧೆಯಲ್ಲಿ ಸ್ಕಾಟ್ ತಾನೇ ಓಡಿಸಿ ಗೆದ್ದ. ಟೂ-ಸ್ಟ್ರೋಕ್ ಪ್ರತಿ ಸುತ್ತಿಗೂ ಉರಿಯುತ್ತದೆ, ಇದು ಅನ್ಯಾಯ ಅಂತ ಬೇರೆ ಕಂಪನಿಯವರು ಗಲಾಟೆ ಮಾಡಿದರು. ಅವನ ಎಂಜಿನ್ನಿನ ಸಿಸಿಯನ್ನು 1.32ರಿಂದ ಗುಣಿಸಿ ಲೆಕ್ಕ ಹಿಡಿಯಬೇಕು ಅಂತ ನಿಯಮವೇ ಬಂತು. ಸ್ಕಾಟ್ ಅದನ್ನೇ ಜಾಹೀರಾತು ಮಾಡಿಕೊಂಡ. ನನಗೆ ಇದು ತುಂಬಾ ಇಷ್ಟವಾಯ್ತು. 1912 ಮತ್ತು 1913ರಲ್ಲಿ ಐಲ್ ಆಫ್ ಮ್ಯಾನ್‌ನ ಸೀನಿಯರ್ ಟಿಟಿ ರೇಸ್ ಗೆದ್ದಿದ್ದು ಇವನ ಬೈಕುಗಳೇ.

1914ರಲ್ಲಿ ತನ್ನ ಕಾರ್ಖಾನೆಯ ಕೆಲಸಗಾರರಿಗೆ ಒಂದು ಸವಾಲು ಹಾಕಿದ: ಶಿಪ್ಲಿಯ ಕಾರ್ಖಾನೆಯಿಂದ ಯಾರ್ಕ್‌ಶೈರ್‌ನ ಕಣಿವೆಗಳಲ್ಲಿ ಹಾದು ಬರ್ನ್ಸಾಲ್ ಹಳ್ಳಿಯವರೆಗೆ ಬೈಕ್ ಓಡಿಸಿ. ಕಲ್ಲು, ಕೆಸರು, ಹಳ್ಳ. ಹೊರಟವರು 14 ಜನ, ಮುಟ್ಟಿದವರು 9. ಇದೇ ಸ್ಕಾಟ್ ಟ್ರಯಲ್ ಆಯ್ತು. ನಾವು ಇವತ್ತು ಆಫ್-ರೋಡ್ ಅಂತ ಸ್ಟೇಟಸ್ ಹಾಕುವುದನ್ನು ಅವರು ನೂರು ವರ್ಷದ ಹಿಂದೆ ಕೆಲಸದವರ ಜೊತೆ ಮಾಡಿದ್ದರು.

ಈಗ ಗೀರಿನ ವಿಷಯ. ಸ್ಕಾಟ್‌ನ ಫೋರ್ಕ್ ಜಾರುತ್ತಿತ್ತು, ಭಾರ ಹೊರುವುದಕ್ಕೆ ಸ್ಪ್ರಿಂಗ್ ಇತ್ತು, ಆದರೆ ಆಟ ತಡೆಯಲು ಒಳಗೆ ಆಯಿಲ್ ಇರಲಿಲ್ಲ. ಗುಂಡಿಗೆ ಬಿದ್ದರೆ ಕುಣಿಯುವುದು ಬೇಗ ನಿಲ್ಲುತ್ತಿರಲಿಲ್ಲ. ಆಯಿಲ್ ಸಣ್ಣ ತೂತಿನಲ್ಲಿ ಹಾದು ಕುಣಿತ ತಗ್ಗಿಸುವ ಫೋರ್ಕ್ 1935ರಲ್ಲಿ ಬಿಎಂಡಬ್ಲ್ಯೂ ಆರ್12ರಲ್ಲಿ ಬಂತು. ಸವಾರಿ ಸುಖವಾಯ್ತು, ಆದರೆ ಆಯಿಲ್ ಇದ್ದರೆ ಅದನ್ನು ಹಿಡಿಯುವ ಸೀಲ್ ಬೇಕು, ಸೀಲ್ ಉಳಿಯಬೇಕಾದರೆ ರಾಡ್ ಕನ್ನಡಿ ಹಾಗಿರಬೇಕು. ಕಾರವಾರದ ಉಪ್ಪು ಗಾಳಿಗೆ ಕ್ರೋಮ್ ಕೆಳಗೆ ತುಕ್ಕು ಹಿಡಿದರೂ ಕಥೆ ಅದೇ.

ಗ್ಯಾರೇಜಿನ ಅಣ್ಣ ಮಾಡಿದ್ದು ಇಷ್ಟು. ಗೀರಿನ ಎದ್ದು ನಿಂತ ಅಂಚನ್ನು ಮಾತ್ರ ಸಣ್ಣ ಎಣ್ಣೆಕಲ್ಲಿನಿಂದ ತೆಗೆದ. ಚೆನ್ನಾಗಿ ಒರೆಸಿ, ಕುಳಿಯೊಳಗೆ ಎಪಾಕ್ಸಿ ತುಂಬಿ ಒಂದು ದಿನ ಬಿಟ್ಟ. ಆಮೇಲೆ 2000 ನಂಬರಿನ ಪಾಲಿಶ್ ಪೇಪರನ್ನು ರಾಡಿನ ಸುತ್ತ ಅಡ್ಡಕ್ಕೆ ಉಜ್ಜಿದ. ಉದ್ದಕ್ಕೆ ಉಜ್ಜಿದರೆ ಆಯಿಲ್‌ಗೆ ನಾವೇ ದಾರಿ ಮಾಡಿಕೊಟ್ಟ ಹಾಗೆ. ಉಗುರು ಸಿಗದೆ ಜಾರಿದ ಮೇಲೆ ಹೊಸ ಆಯಿಲ್ ಸೀಲ್, ಡಸ್ಟ್ ಸೀಲ್, ಅಳತೆ ಹಿಡಿದು ಹೊಸ ಆಯಿಲ್. ಗೀರು ಇನ್ನೂ ಆಳ ಇದ್ದಿದ್ದರೆ ರಾಡೇ ಬದಲಿಸಬೇಕಿತ್ತು.

ಸ್ಕಾಟ್ ಮಾತ್ರ ಮೊದಲ ಮಹಾಯುದ್ಧ ಮುಗಿಯುವಷ್ಟರಲ್ಲಿ ತನ್ನದೇ ಹೆಸರಿನ ಬೈಕ್ ಕಂಪನಿಯಿಂದ ದೂರವಾದ. ಆಮೇಲೆ ಸೋಷಿಯಬಲ್ ಅನ್ನೋ ಮೂರು ಚಕ್ರದ, ಒಂದು ಪಕ್ಕಕ್ಕೆ ವಾಲಿದಂತೆ ಕಾಣುವ ಗಾಡಿ ಮಾಡಿದ. ಜನ ಕೊಳ್ಳಲಿಲ್ಲ. ಚೆನ್ನಾಗಿ ಓಡುವ ಬೈಕ್ ಬಿಟ್ಟು ಇದ್ಯಾಕೆ ಬೇಕಿತ್ತು ಅಂತ ನನಗೂ ಅನಿಸಿತು. ಆದರೆ ಅದೇ ಬೈಕ್ ಮಾಡಿಕೊಂಡು ಕೂರುವ ಜಾತಿಯಲ್ಲ ಆತ.

ಅವನಿಗೆ ಇನ್ನೊಂದು ಹುಚ್ಚಿತ್ತು, ಯಾರ್ಕ್‌ಶೈರ್‌ನ ಸುಣ್ಣಕಲ್ಲಿನ ಗುಹೆಗಳಿಗೆ ಇಳಿಯುವುದು. 1923ರಲ್ಲಿ ಹಾಗೆ ಇಳಿದು ಬಂದವನು ಒದ್ದೆ ಬಟ್ಟೆಯಲ್ಲೇ ಗಾಡಿ ಓಡಿಸಿಕೊಂಡು ಮನೆಗೆ ಹೊರಟ. ನ್ಯುಮೋನಿಯಾ ಆಗಿ ಆ ಆಗಸ್ಟ್‌ನಲ್ಲಿ ತೀರಿಕೊಂಡ. ನಲವತ್ತೆಂಟು ತುಂಬಲು ಇನ್ನೂ ಎರಡು ತಿಂಗಳಿತ್ತು. ಆಯಿಲ್ ತುಂಬಿದ ಫೋರ್ಕ್ ಬರೋಕೆ ಇನ್ನೂ ಹನ್ನೆರಡು ವರ್ಷ.

ಸ್ಕಾಟ್ ಟ್ರಯಲ್ ಮುಂದುವರಿಯಿತು. ಈಗ ಅದು ನಡೆಯುವುದು ಸ್ವೇಲ್‌ಡೇಲ್ ಕಣಿವೆಯಲ್ಲಿ, ಅಲ್ಲಿಯೂ ಕಲ್ಲು, ಹಳ್ಳ, ಕೆಸರು. ಮಾವನ ಬೈಕ್ ಮಳೆಗಾಲ ಮುಗಿದರೂ ಸೋರಿಲ್ಲ. ನನ್ನ ಕೈಗೆ ಕೀ ಮಾತ್ರ ಇನ್ನೂ ಕೊಟ್ಟಿಲ್ಲ.