ಮೂವರು ಅರಸರ ಭಂಡಾರಿ: ಹುಳ್ಳರಾಜ



ಆರ್.ಟಿ. ನಗರದ ನಮ್ಮ ಅಂಗಡಿಗೆ ಬರುವ ಹಿರಿಯರಲ್ಲಿ ಸೈನ್ಯದಿಂದ ನಿವೃತ್ತರಾದ ಕೆಲವರಿದ್ದಾರೆ. ತಿಂಗಳ ಮೊದಲ ವಾರ ಪಿಂಚಣಿಯ ಮಾತು ಬಂದಾಗಲೆಲ್ಲ ನನಗೆ ಶ್ರವಣಬೆಳಗೊಳದ ಭಂಡಾರಿ ಬಸದಿ ನೆನಪಾಗುತ್ತದೆ. ಬೊಕ್ಕಸ ಕಾಯುವವನ ಹುದ್ದೆಯ ಹೆಸರನ್ನೇ ಹೊತ್ತ ಬಸದಿ ಅದು. ಯಾತ್ರೆಗೆ ಹೋಗಿ ಬಂದ ನಮ್ಮವರಲ್ಲೇ ಹಲವರಿಗೆ ಆ ಭಂಡಾರಿ ಯಾರೆಂದು ತಿಳಿದಿಲ್ಲ.

ಅವರ ಹೆಸರು ಹುಳ್ಳ. ಹುಳ್ಳರಾಜ ಎಂದೂ ಕರೆಯುತ್ತಾರೆ. ವಾಜಿ ವಂಶದವರು. ತಂದೆ ಯಕ್ಷರಾಜ, ತಾಯಿ ಲೋಕಾಂಬಿಕೆ. ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳರ ವಿಷ್ಣುವರ್ಧನ, ಅವನ ಮಗ ಒಂದನೆಯ ನರಸಿಂಹ, ಮೊಮ್ಮಗ ಇಮ್ಮಡಿ ಬಲ್ಲಾಳ, ಹೀಗೆ ಮೂರು ತಲೆಮಾರಿನ ಅರಸರ ಸೇವೆ ಮಾಡಿದರು. ನರಸಿಂಹನ ಕಾಲದಲ್ಲಿ ಹಿರಿಯ ಭಂಡಾರಿ, ಅಂದರೆ ರಾಜ್ಯದ ಬೊಕ್ಕಸಕ್ಕೆ ಮುಖ್ಯಸ್ಥ. ಮಂತ್ರಿಯೂ ಹೌದು, ದಂಡನಾಯಕನೂ ಹೌದು.

ಆ ಕಾಲದಲ್ಲಿ ಎಲ್ಲರಿಗೂ ನಗದು ಸಂಬಳ ಇರಲಿಲ್ಲ. ಗದ್ಯಾಣ, ಪಣ ಎಂಬ ನಾಣ್ಯಗಳು ಚಲಾವಣೆಯಲ್ಲಿದ್ದರೂ, ಸೇವೆ ಮಾಡಿದವರಿಗೆ ಭೂಮಿಯನ್ನೋ ಊರಿನ ಹುಟ್ಟುವಳಿಯನ್ನೋ ಬಿಟ್ಟುಕೊಡುವುದು ವಾಡಿಕೆ. ಮುಂದೆ ಮೊಘಲರ ಕಾಲದಲ್ಲಿ ಸೈನ್ಯದ ಸಂಬಳ ನೋಡಿಕೊಳ್ಳುವವನಿಗೆ ಬಕ್ಷಿ ಎಂಬ ಹೆಸರಾಯಿತು. ಇಂಗ್ಲೆಂಡಿನಲ್ಲಿ 1661ರಲ್ಲಿ ಸೈನ್ಯಕ್ಕೆ ಸಂಬಳ ಬಟವಾಡೆ ಮಾಡುವ ಅಧಿಕಾರಿಯ ಹುದ್ದೆ ಬಂತು. ಅಲ್ಲಿ ಕೆಲವರು ಸೈನ್ಯದ ಹಣವನ್ನು ವರ್ಷಗಟ್ಟಲೆ ತಮ್ಮ ಬಳಿ ಇಟ್ಟುಕೊಂಡು, ಅದರಿಂದ ಬರುವ ಲಾಭವನ್ನು ತಾವೇ ತಿಂದು ಶ್ರೀಮಂತರಾದರು. ಅದನ್ನು ತಡೆಯಲು 1782ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಪರರ ಹಣ ಕೈಯಲ್ಲಿರುವ ಹುದ್ದೆಯ ಆಸೆ ಅಂಥದ್ದು.

ಅಂಥ ಹುದ್ದೆಯಲ್ಲಿದ್ದ ಹುಳ್ಳರಾಜರು ಇಂದು ನೆನಪಿನಲ್ಲಿ ಉಳಿದಿರುವುದು ಕೊಟ್ಟ ದಾನದಿಂದ. 1159ರಲ್ಲಿ ಅವರು ಬೆಳಗೊಳದಲ್ಲಿ ಇಪ್ಪತ್ನಾಲ್ಕು ತೀರ್ಥಂಕರರ ಬಸದಿ ಕಟ್ಟಿಸಿದರು. ಸುಮಾರು 266 ಅಡಿ ಉದ್ದ, 78 ಅಡಿ ಅಗಲ. ಬೆಳಗೊಳದ ಬಸದಿಗಳಲ್ಲೇ ದೊಡ್ಡದು. ಗರ್ಭಗೃಹದ ಉದ್ದನೆಯ ಪೀಠದ ಮೇಲೆ ಇಪ್ಪತ್ನಾಲ್ಕು ಮೂರ್ತಿಗಳು ಸಾಲಾಗಿ ನಿಂತಿವೆ. ನರಸಿಂಹ ದಿಗ್ವಿಜಯದ ದಾರಿಯಲ್ಲಿ ಬೆಳಗೊಳಕ್ಕೆ ಬಂದು ಗೊಮ್ಮಟಸ್ವಾಮಿಯ ದರ್ಶನ ಪಡೆದು, ಈ ಬಸದಿಯನ್ನೂ ಕಂಡು ಸಂತೋಷಪಟ್ಟ. ಹುಳ್ಳರಾಜರಿಗೆ ಸಮ್ಯಕ್ತ್ವಚೂಡಾಮಣಿ ಎಂಬ ಬಿರುದಿತ್ತು. ಅದಕ್ಕೆ ಹೊಂದುವಂತೆ ಬಸದಿಗೆ ಭವ್ಯಚೂಡಾಮಣಿ ಎಂದು ಹೆಸರಿಟ್ಟು, ಸವಣೇರು ಗ್ರಾಮವನ್ನು ದತ್ತಿ ಬಿಟ್ಟ. ಜನರ ಬಾಯಲ್ಲಿ ಮಾತ್ರ ಅದು ಇಂದಿಗೂ ಭಂಡಾರಿ ಬಸದಿಯೇ.

ಲೆಕ್ಕ ಬಲ್ಲವರ ದೂರದೃಷ್ಟಿ ಅವರ ಕೆಲಸದಲ್ಲಿ ಕಾಣುತ್ತದೆ. ಕಟ್ಟಡ ಎದ್ದರೆ ಸಾಲದು. ನಾಳೆಯ ಪೂಜೆಗೆ, ಮುನಿಗಳ ಆಹಾರದಾನಕ್ಕೆ, ಜೀರ್ಣೋದ್ಧಾರಕ್ಕೆ ಆದಾಯ ಬೇಕು. ಕೊಪಣದಲ್ಲಿ, ಅಂದರೆ ಇಂದಿನ ಕೊಪ್ಪಳದಲ್ಲಿ, ಹೊನ್ನು ಕೊಟ್ಟು ಭೂಮಿ ಪಡೆದು ಅಲ್ಲಿನ ಮುನಿಸಂಘಕ್ಕೆ ಶಾಶ್ವತ ವ್ಯವಸ್ಥೆ ಮಾಡಿದರು. ಬಂಕಾಪುರದಲ್ಲಿ ಹಾಳುಬಿದ್ದ ಜಿನಾಲಯಗಳನ್ನು ಎತ್ತಿ ನಿಲ್ಲಿಸಿದರು. ಗಂಗರ ಕಾಲದ ಕೆಲ್ಲಂಗೆರೆ ತೀರ್ಥ ಹೆಸರಿಗಷ್ಟೇ ಉಳಿದಿತ್ತು. ಅಲ್ಲಿ ಹೊಸ ಜಿನಾಲಯ ಕಟ್ಟಿಸಿದರು. ಬಲ್ಲಾಳನ ಕಾಲದಲ್ಲೂ ಅರಸನಿಂದ ಊರುಗಳನ್ನು ಕೇಳಿ ಪಡೆದು ಬೆಳಗೊಳಕ್ಕೇ ಬಿಟ್ಟರು. ಜಿನಶಾಸನವನ್ನು ಬೆಳಗಿದ ಮೂವರೆಂದು ಶಾಸನ ಹೆಸರಿಸುವುದು ಚಾವುಂಡರಾಯ, ಗಂಗರಾಜ ಮತ್ತು ಹುಳ್ಳರಾಜರನ್ನು.

ಈ ಬಸದಿಯ ಬಳಿ ಇನ್ನೊಂದು ಶಾಸನವಿದೆ. 1368ರಲ್ಲಿ ವಿಜಯನಗರದ ಬುಕ್ಕರಾಯ ಜೈನರಿಗೂ ಶ್ರೀವೈಷ್ಣವರಿಗೂ ಇದ್ದ ಮನಸ್ತಾಪ ಪರಿಹರಿಸಿ ಬರೆಸಿದ್ದು. ರಾಜ್ಯದ ಪ್ರತಿ ಜೈನ ಮನೆಯಿಂದ ವರ್ಷಕ್ಕೆ ಒಂದು ಹಣ ಎತ್ತಬೇಕು. ಅದರಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಜನ ಕಾವಲಿನವರನ್ನು ನೇಮಿಸಬೇಕು. ಮಿಕ್ಕಿದ್ದರಲ್ಲಿ ಹಾಳಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಈ ಹೊಣೆ ಹೊತ್ತವರು ತಿರುಮಲೆಯ ತಾತಯ್ಯ. ಹಣ ಎಲ್ಲಿಂದ ಬರಬೇಕು, ಯಾರಿಗೆ ಸಲ್ಲಬೇಕು, ಉಳಿದದ್ದು ಏನಾಗಬೇಕು, ಎಲ್ಲವೂ ಕಲ್ಲಿನ ಮೇಲೆ ಬಹಿರಂಗವಾಗಿದೆ.

ನಾನು ಶನಿವಾರ ಸಂಜೆ ಅಂಗಡಿ ಹುಡುಗರಿಗೆ ಬಟವಾಡೆ ಮಾಡುವವನು. ಯಾತ್ರೆಯ ಹಣ ಕೂಡಿಸಿ ಲೆಕ್ಕ ಒಪ್ಪಿಸಿದವನು. ಒಮ್ಮೆ ಲೆಕ್ಕದಲ್ಲಿ ನೂರೈವತ್ತು ರೂಪಾಯಿ ಹೊಂದದೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೂರು ತಲೆಮಾರಿನ ಅರಸರ ವಿಶ್ವಾಸ ಉಳಿಸಿಕೊಳ್ಳುವುದು ಎಷ್ಟು ದೊಡ್ಡ ತಪಸ್ಸು ಎಂಬುದು ಆಗ ಅರ್ಥವಾಯಿತು.

ಮುಂದಿನ ಬಾರಿ ಬೆಳಗೊಳಕ್ಕೆ ಹೋದಾಗ ಬೆಟ್ಟ ಇಳಿದು ನೇರ ಬಸ್ಸು ಹತ್ತಬೇಡಿ. ಊರೊಳಗೆ, ಮಠದ ಪಕ್ಕದಲ್ಲೇ ಭಂಡಾರಿ ಬಸದಿ ಇದೆ. ಮಕ್ಕಳಿಗೆ ಇಪ್ಪತ್ನಾಲ್ಕು ತೀರ್ಥಂಕರರನ್ನು ತೋರಿಸಿ, ಹುಳ್ಳರಾಜರ ಹೆಸರನ್ನೂ ಹೇಳಿ.