ನೇಕಾರ ಶರಣ ದೇವರ ದಾಸಿಮಯ್ಯನವರು

ದೇವಾಲಯವೊಂದು ಜೀರ್ಣೋದ್ಧಾರಗೊಂಡು ಕುಂಭಾಭಿಷೇಕದ ಸುದಿನವನ್ನು ಕಾಣಬೇಕಾದರೆ ಅನೇಕ ಕೈಗಳು ದುಡಿಯಬೇಕಾಗುತ್ತದೆ. ಶಿಲ್ಪಿಯು ಕಲ್ಲನ್ನು ಕಡೆಯುತ್ತಾನೆ; ಬಡಗಿಯು ಬಾಗಿಲುವಾಡವನ್ನು ಕೂಡಿಸುತ್ತಾನೆ; ಕಂಚುಗಾರನು ಗಂಟೆಯನ್ನು ಎರೆಯುತ್ತಾನೆ; ಕುಂಬಾರನು ಹಣತೆಯನ್ನು ಕೊಡುತ್ತಾನೆ; ನೇಕಾರನು ದೇವರಿಗೆ ವಸ್ತ್ರವನ್ನು ಅರ್ಪಿಸುತ್ತಾನೆ. ಇವರ ಹೆಸರುಗಳು ಕಲ್ಲಿನಲ್ಲಿ ಉಳಿಯುವುದು ಅಪರೂಪ. ಆದರೆ ಮಗ್ಗದ ಮುಂದೆ ಕುಳಿತು ಬಾಳನ್ನು ಸವೆಸಿದ ಒಬ್ಬ ನೇಕಾರರ ಹೆಸರು ಸುಮಾರು ಒಂದು ಸಾವಿರ ವರ್ಷಗಳಿಂದ ಕನ್ನಡ ಜನರ ನಾಲಗೆಯ ಮೇಲೆ ನಿಂತಿದೆ. ಅವರೇ ದೇವರ ದಾಸಿಮಯ್ಯನವರು. ಹರೂರು, ಧರ್ಮಪುರಿ, ಸೇಲಂ ಸೀಮೆಗಳಲ್ಲಿ ಬೀದಿಯಲ್ಲಿ ತಮಿಳನ್ನೂ ಮನೆಯಲ್ಲಿ ಕನ್ನಡವನ್ನೂ ಆಡುತ್ತ ನೂಲನ್ನೇ ನಂಬಿ ಬಾಳಿದ ಮನೆತನಗಳಿಗೆ ಈ ಮಹನೀಯರ ಚರಿತ್ರೆ ಸ್ವಂತ ಮನೆಯ ಹಿರಿಯರ ಚರಿತ್ರೆಯಂತೆಯೇ ಸರಿ.

ಇಂದಿನ ಯಾದಗಿರಿ ಜಿಲ್ಲೆಗೆ ಸೇರಿದ ಸುರಪುರ ಸೀಮೆಯ ಮುದನೂರು ದಾಸಿಮಯ್ಯನವರ ಊರು. ನೇಕಾರರನ್ನು ಹಿಂದೆ ಜೇಡರೆಂದು ಕರೆಯುತ್ತಿದ್ದರು. ಆದುದರಿಂದ ಇವರಿಗೆ ಜೇಡರ ದಾಸಿಮಯ್ಯನೆಂಬ ಹೆಸರೂ ಉಂಟು. ದೇವರ ದಾಸಿಮಯ್ಯ, ಜೇಡರ ದಾಸಿಮಯ್ಯ ಇಬ್ಬರೂ ಬೇರೆ ಬೇರೆಯೆಂದು ವಾದಿಸಿದ ವಿದ್ವಾಂಸರೂ ಇದ್ದಾರೆ. ಭಕ್ತಜನರಾದರೋ ಒಬ್ಬರೆಂದೇ ಭಾವಿಸಿ ಪೂಜಿಸುತ್ತ ಬಂದಿದ್ದಾರೆ. ಕ್ರಿ.ಶ. 1015ರಿಂದ 1042ರವರೆಗೆ ಆಳಿದ ಕಲ್ಯಾಣದ ಚಾಳುಕ್ಯ ದೊರೆ ಇಮ್ಮಡಿ ಜಯಸಿಂಹನ ಕಾಲದಲ್ಲಿ ಇವರಿದ್ದರೆಂಬುದು ಬಹುಕಾಲದಿಂದ ಬಂದ ನಂಬಿಕೆ. ಅಂದರೆ ಬಸವಣ್ಣನವರಿಗಿಂತ ನೂರು ವರ್ಷಗಳಷ್ಟು ಹಿಂದಿನವರು.

ಮುದನೂರಿನ ರಾಮನಾಥನು ಇವರ ಇಷ್ಟದೈವ. ಶ್ರೀರಾಮನಿಂದ ಅರ್ಚಿತನಾದ ಶಿವನೇ ರಾಮನಾಥನು. ಹರೂರಿನ ಜನರಿಗೆ ಈ ಭಾವವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಸಮೀಪದ ತೀರ್ಥಮಲೆಯಲ್ಲಿ ಶ್ರೀರಾಮನು ಶಿವಪೂಜೆಗೆಂದು ಬಾಣ ಹೂಡಿ ಬಂಡೆಯಿಂದ ನೀರನ್ನು ಬರಿಸಿದನೆಂಬ ಸ್ಥಳಪುರಾಣವನ್ನು ಕೇಳಿ, ಆ ರಾಮತೀರ್ಥದಲ್ಲಿ ಮಿಂದು ಬಂದವರೇ ಅವರೆಲ್ಲರು. ಮಲೆಯ ಮೇಲಿನ ತೀರ್ಥಗಿರೀಶ್ವರನೂ ಮುದನೂರಿನ ರಾಮನಾಥನೂ ಭಕ್ತರ ಕಣ್ಣಿಗೆ ಬೇರೆಯಲ್ಲ.

ದಾಸಿಮಯ್ಯನವರು ತಾರುಣ್ಯದಲ್ಲಿ ಸಂಸಾರವನ್ನು ಒಲ್ಲದೆ ದಟ್ಟವಾದ ಕಾಡನ್ನು ಹೊಕ್ಕು ಕಠೋರ ತಪಸ್ಸಿಗೆ ನಿಂತರೆಂದು ಐತಿಹ್ಯವಿದೆ. ದೇಹವನ್ನು ದಂಡಿಸಿ ದೇವರನ್ನು ಒಲಿಸಿಕೊಳ್ಳಬೇಕೆಂಬುದು ಅವರ ಹಟ. ಶಿವನು ಪ್ರತ್ಯಕ್ಷನಾದನು, ಆದರೆ ಮೋಕ್ಷವನ್ನು ಕೊಡಲಿಲ್ಲ. ಮೈಯನ್ನು ಹೀಗೆ ಬಳಲಿಸುವುದನ್ನು ಬಿಟ್ಟು ಊರಿಗೆ ಹಿಂದಿರುಗಿ ದುಡಿದು ಬದುಕುವಂತೆ ಆಜ್ಞಾಪಿಸಿದನು. ತಪಸ್ವಿಯು ಕಾಡನ್ನು ಬಿಟ್ಟು ಮಗ್ಗಕ್ಕೆ ಮರಳಿದರು. ಅವರ ಚರಿತ್ರೆಯ ತಿರುಳೆಲ್ಲ ಈ ಒಂದು ಘಟನೆಯಲ್ಲಿ ಅಡಗಿದೆ. ಗುಹೆಯಲ್ಲಿ ದೊರೆಯದ ದೇವರು ಗುಣಿಮಗ್ಗದ ಬಳಿ ದೊರೆತನು.

ನೇಯ್ಗೆಯ ಕೆಲಸವನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು. ನೂಲನ್ನು ಸುತ್ತಿ, ಹಾಸನ್ನು ಹೂಡಿ, ಗಂಜಿಯುಣಿಸಿ, ಎಳೆಯೆಳೆಯನ್ನೂ ಹಣಿಗೆಯಲ್ಲಿ ಪೋಣಿಸಿ, ಕಾಲಿನಿಂದ ಮೆಟ್ಟುತ್ತ ಲಾಳಿಯನ್ನು ಒಂದು ಕೈಯಿಂದ ಮತ್ತೊಂದು ಕೈಗೆ ಹಾಯಿಸಿ ಹೊಕ್ಕನ್ನು ಕೂಡಿಸಬೇಕು. ಒಂದು ಎಳೆ ಕಡಿದರೂ ಕೆಲಸ ನಿಲ್ಲುತ್ತದೆ. ಮನಸ್ಸು ಹರಿದಾಡಿದರೆ ಬಟ್ಟೆಯಲ್ಲಿ ಅದರ ಗುರುತು ಬೀಳುತ್ತದೆ. ಏಕಾಗ್ರತೆಯನ್ನು ಬೇರೊಂದು ಸ್ಥಳದಲ್ಲಿ ಹುಡುಕಬೇಕಾದ ಅಗತ್ಯ ನೇಕಾರನಿಗಿಲ್ಲ.

ಇವರ ಧರ್ಮಪತ್ನಿ ದುಗ್ಗಳೆಯವರು. ಮರಳು ಬೆರೆತ ಅಕ್ಕಿಯನ್ನೂ ಕಬ್ಬಿನ ಜಲ್ಲೆಯನ್ನೂ ಕೊಟ್ಟರೆ, ನೀರಿಲ್ಲದೆ ಸೌದೆಯಿಲ್ಲದೆ ಪಾಯಸವನ್ನು ಮಾಡಬಲ್ಲ ಕನ್ಯೆಯನ್ನೇ ವರಿಸುವುದಾಗಿ ದಾಸಿಮಯ್ಯನವರು ಪಣ ತೊಟ್ಟಿದ್ದರಂತೆ. ದುಗ್ಗಳೆಯು ಅಕ್ಕಿಯಿಂದ ಮರಳನ್ನು ಬೇರ್ಪಡಿಸಿ, ಕಬ್ಬಿನ ರಸವನ್ನೇ ನೀರಾಗಿಸಿಕೊಂಡು, ಹಿಂಡಿದ ಸಿಪ್ಪೆಯನ್ನು ಬಿಸಿಲಿಗೆ ಒಣಗಿಸಿ ಉರುವಲಾಗಿಸಿ ಪಾಯಸವನ್ನು ಬಡಿಸಿದಳೆಂಬುದು ಜನಜನಿತವಾದ ಕಥೆ. ಇರುವುದರಲ್ಲಿ ಏನನ್ನೂ ವ್ಯರ್ಥಗೊಳಿಸದ ಇಂಥ ಗೃಹಿಣಿ ನೇಕಾರನ ಬಡ ಮನೆಗೆ ತಕ್ಕವಳೇ ಆಗಿದ್ದಳು. ಆಕೆಯೂ ಪತಿಯ ಹೆಸರನ್ನೂ ರಾಮನಾಥನ ಹೆಸರನ್ನೂ ಸೇರಿಸಿದ ಅಂಕಿತದಲ್ಲಿ ವಚನಗಳನ್ನು ರಚಿಸಿದ್ದಾಳೆ.

ದಾಸಿಮಯ್ಯನವರು ಬಹುಕಾಲ ಶ್ರಮಪಟ್ಟು ಒಂದು ದಿವ್ಯವಾದ ವಸ್ತ್ರವನ್ನು ನೇಯ್ದು ಸಂತೆಗೆ ಒಯ್ದರು. ಅದಕ್ಕೆ ತಕ್ಕ ಬೆಲೆಯನ್ನು ಕೊಡಬಲ್ಲವರು ಯಾರೂ ಸಿಕ್ಕಲಿಲ್ಲ. ಬರಿಗೈಯಲ್ಲಿ ಹಿಂದಿರುಗುವಾಗ ದಾರಿಯಲ್ಲಿ ಚಳಿಗೆ ನಡುಗುವ ಮುದಿ ಜಂಗಮನೊಬ್ಬನು ಆ ಬಟ್ಟೆಯನ್ನು ಬೇಡಿದನು. ಮನೆಯಲ್ಲಿ ಅಂದಿನ ಅಡಿಗೆಗೆ ಅಕ್ಕಿಯಿರಲಿಲ್ಲ, ಬಟ್ಟೆಯೊಂದೇ ಆಧಾರ. ಆದರೂ ಅದನ್ನು ಕೊಟ್ಟರು. ಜಂಗಮನು ಅವರ ಕಣ್ಣೆದುರಿಗೇ ವಸ್ತ್ರವನ್ನು ಚೂರುಚೂರಾಗಿ ಹರಿದು, ಒಂದನ್ನು ತಲೆಗೆ, ಒಂದನ್ನು ಕೈಗೆ, ಮತ್ತೊಂದನ್ನು ಊರುಗೋಲಿಗೆ ಸುತ್ತಿದನು. ಎಷ್ಟೋ ದಿನಗಳ ದುಡಿಮೆ ಚಿಂದಿಯಾಗುವುದನ್ನು ಕಂಡೂ ದಾಸಿಮಯ್ಯನವರು ಮುಖವನ್ನು ಕೆಡಿಸಿಕೊಳ್ಳಲಿಲ್ಲ. ಕೊಟ್ಟ ಮೇಲೆ ಅದು ಕೊಂಡವನದು ಎಂಬ ಭಾವದಿಂದ ಆ ಅತಿಥಿಯನ್ನು ಮನೆಗೂ ಕರೆದೊಯ್ದರು. ದುಗ್ಗಳೆಯು ಅಷ್ಟೇ ಆದರದಿಂದ ಬರಮಾಡಿಕೊಂಡಳು. ಆಗ ಶಿವನು ನಿಜರೂಪವನ್ನು ತೋರಿ, ಎಷ್ಟು ತೆಗೆದರೂ ಬರಿದಾಗದ ತವನಿಧಿಯನ್ನು ದಂಪತಿಗಳಿಗೆ ಅನುಗ್ರಹಿಸಿದನೆಂದು ಪುರಾಣಗಳು ಹೇಳುತ್ತವೆ.

ಕಥೆ ಇಷ್ಟಕ್ಕೆ ಮುಗಿದಿದ್ದರೆ ಅದು ಇತರ ಪವಾಡಗಳ ಸಾಲಿಗೆ ಸೇರುತ್ತಿತ್ತು. ಪುರಾಣಕಾರರು ಮುಂದಿನದನ್ನೂ ಮರೆಮಾಚದೆ ಹೇಳಿದ್ದಾರೆ. ಶಿವನಿಗೇ ಬಟ್ಟೆ ಕೊಟ್ಟೆನೆಂಬ ಹೆಮ್ಮೆ ದಾಸಿಮಯ್ಯನವರ ಮನಸ್ಸಿನಲ್ಲಿ ಸುಳಿಯಿತು. ಕೈಕೆಲಸದಿಂದ ಬಡತನದಲ್ಲಿ ಬದುಕುತ್ತಿದ್ದ ಶಂಕರ ದಾಸಿಮಯ್ಯನೆಂಬ ಶರಣನ ಕಷ್ಟವನ್ನು ತಾನು ಪರಿಹರಿಸುವೆನೆಂದು ತವನಿಧಿಯಿಂದ ತೆಗೆದು ಕೊಂಡೊಯ್ದರು. ಆ ಬಡವನ ಮನೆಯಲ್ಲಿ ಅವರು ಕಂಡುದು ತಮ್ಮದಕ್ಕಿಂತ ಹಿರಿದಾದ ಭಕ್ತಿಯ ಐಶ್ವರ್ಯವನ್ನು. ತಿರುಗಿ ಬಂದು ನೋಡಿದರೆ ಬರಿದಾಗದ ತವನಿಧಿ ಬರಿದಾಗಿತ್ತು! ವಸ್ತ್ರ ಹರಿದಾಗ ನೋಯದ ಮನಸ್ಸು ಆಗ ನೊಂದಿತು, ತಪ್ಪನ್ನು ಅರಿಯಿತು. ಕೊಡುವುದು ಕಷ್ಟ, ಕೊಟ್ಟೆನೆಂಬುದನ್ನು ಮರೆಯುವುದು ಅದಕ್ಕಿಂತಲೂ ಕಷ್ಟ. ದಾನಿಗಳೆಲ್ಲರೂ ಮನನಮಾಡತಕ್ಕ ಪಾಠವಿದು.

ಮುಂದೆ ಇವರ ಕೀರ್ತಿ ಅರಮನೆಯವರೆಗೂ ಹಬ್ಬಿತು. ಜಯಸಿಂಹನ ರಾಣಿ ಸುಗ್ಗಲದೇವಿಯು ಇವರಿಂದ ಶಿವದೀಕ್ಷೆಯನ್ನು ಪಡೆದಳೆಂದು ಪರಂಪರೆ ಹೇಳುತ್ತದೆ. ಪಟ್ಟದ ರಾಣಿಗೆ ಮಗ್ಗದ ನೇಕಾರನು ಗುರುವಾದುದು ಆ ಕಾಲದಲ್ಲಿ ಅಲ್ಪವಾದ ಮಾತಲ್ಲ.

ರಾಮನಾಥನೆಂಬ ಅಂಕಿತದಲ್ಲಿ ದಾಸಿಮಯ್ಯನವರ ನೂರಕ್ಕೂ ಮೇಲ್ಪಟ್ಟ ವಚನಗಳು ದೊರೆತಿವೆ. ಮಾದಾರ ಚೆನ್ನಯ್ಯನವರೊಡನೆ ಇವರನ್ನು ಆದ್ಯ ವಚನಕಾರರೆಂದು ಗಣಿಸುತ್ತಾರೆ. ಚಿಕ್ಕ ಮಾತು, ಬಿಗಿಯಾದ ಹೆಣಿಗೆ, ನಿತ್ಯಜೀವನದ ಹೋಲಿಕೆ ಇವು ಅವುಗಳ ಲಕ್ಷಣ. ಭೂಮಿ, ಬೆಳೆ, ಗಾಳಿ ಎಲ್ಲವೂ ದೇವರ ಕೊಡುಗೆಯೆಂದು ನೆನೆಯುವುದು, ಒಳಗಿನ ಆತ್ಮಕ್ಕೆ ಹೆಣ್ಣುಗಂಡೆಂಬ ಭೇದವಿಲ್ಲವೆಂದು ಸಾರುವುದು ಅವರ ಹಿರಿಮೆ. 1973ರಲ್ಲಿ ಎ. ಕೆ. ರಾಮಾನುಜನ್ನರು ಇಂಗ್ಲಿಷಿಗೆ ಪರಿವರ್ತಿಸಿದ ವಚನಸಂಗ್ರಹದ ಮೂಲಕ ಮುದನೂರಿನ ನೇಕಾರರ ನುಡಿ ದೇಶವಿದೇಶಗಳನ್ನು ಮುಟ್ಟಿತು.

ದೇವತೆಗಳಿಗೆ ಮೊಟ್ಟಮೊದಲು ವಸ್ತ್ರವನ್ನು ನೇಯ್ದು ಕೊಟ್ಟ ದೇವಲ ಮಹರ್ಷಿಯ ಅವತಾರವೇ ದಾಸಿಮಯ್ಯನವರೆಂದು ದೇವಾಂಗ ಕುಲದವರು ನಂಬುತ್ತಾರೆ. ಕನ್ನಡ ನಾಡಿನಿಂದ ತೆಂಕಣಕ್ಕೆ ಬಂದು ಸೇಲಂ, ಕೊಯಮತ್ತೂರು ಸೀಮೆಗಳಲ್ಲಿ ನೆಲೆಸಿದ ಈ ಜನರು ಮಗ್ಗದೊಡನೆ ಮನೆಮಾತನ್ನೂ ಕುಲದೇವತೆಯನ್ನೂ ತಂದರು. ಇಲ್ಲಿ ಅವರ ಗುಡಿಗಳಲ್ಲಿ ತಾಯಿಯು ರಾಮಲಿಂಗ ಚೌಡೇಶ್ವರಿಯೆಂಬ ಹೆಸರಿನಿಂದ ಪೂಜೆಗೊಳ್ಳುತ್ತಾಳೆ. ವಿದ್ಯುತ್ ಮಗ್ಗಗಳ ಪೈಪೋಟಿಯಲ್ಲಿ ಕೈಮಗ್ಗದವರ ಬಾಳು ಕಷ್ಟಕ್ಕೆ ಸಿಕ್ಕಿತು. ಅವರ ರಕ್ಷಣೆಗೆಂದು ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಶಾಸನವು 1985ರಲ್ಲಿ ಆಯಿತಾದರೂ, ಮಕ್ಕಳು ಬೇರೆ ಉದ್ಯೋಗಗಳನ್ನು ಅರಸಿ ಹೋದ ಮನೆಗಳು ಅನೇಕ. ಗುಣಿಮಗ್ಗದ ಗುಣಿಯನ್ನು ಮುಚ್ಚಿ ನೆಲವನ್ನು ಸಮಮಾಡಿದ ಮನೆಗಳೂ ಉಂಟು.

ದುಡಿಮೆ ಬದಲಾಗಬಹುದು, ದಾಸಿಮಯ್ಯನವರು ತೋರಿದ ದಾರಿ ಬದಲಾಗದು. ಕೈ ಹಿಡಿದ ಕೆಲಸವನ್ನು ಶ್ರದ್ಧೆಯಿಂದ ಮಾಡುವುದು, ಬಂದುದರಲ್ಲಿ ಹಂಚಿ ಉಣ್ಣುವುದು, ಹಂಚಿದುದನ್ನು ಮರೆಯುವುದು ಇವೇ ಆ ದಾರಿಯ ಮೂರು ಮೆಟ್ಟಿಲುಗಳು. ನವೀಕೃತವಾದ ಗರ್ಭಗುಡಿಯಲ್ಲಿ ದೇವರಿಗೆ ಹೊಸ ವಸ್ತ್ರವನ್ನು ಉಡಿಸಿ ಮಂಗಳಾರತಿಯನ್ನು ಬೆಳಗುವಾಗ, ಆ ಬಟ್ಟೆಯ ಒಂದೊಂದು ಎಳೆಯ ಹಿಂದೆಯೂ ಇರುವ ಕಾಣದ ಕೈಗಳನ್ನು ಭಕ್ತರು ನೆನೆಯಲಿ. ಆ ಕೈಗಳನ್ನು ರಾಮನಾಥನು ಕಾಪಾಡಲಿ.